‘ಹುರಿಯುತ್ತಿದ್ದೆವು’ ಒಂದೇ, ಸ್ಪ್ಯಾನಿಷ್‌ನಲ್ಲಿ ಎರಡು: ನನ್ನ ಅನುಭವ

ಸ್ಪ್ಯಾನಿಷ್ ಕಂಡೀಷನಲ್ಲನ್ನು, ಅಂದರೆ ‘ಹೀಗಿದ್ದಿದ್ದರೆ ಹಾಗೆ ಮಾಡುತ್ತಿದ್ದೆವು’ ಅನ್ನುವ ಕ್ರಿಯಾರೂಪವನ್ನು, ಇಂಗ್ಲಿಷ್ ಮುಟ್ಟದೆ ಕನ್ನಡದಲ್ಲೇ ಹೇಳಿಕೊಡುತ್ತೇನೆ ಅಂದಾಗ ಮಡಿಕೇರಿಯಲ್ಲಿ ಪಾಠ ಮಾಡುವವರೇ ನಕ್ಕಿದ್ದರು. ಈಗ ಹೋಂಸ್ಟೇ ಹುಡುಗರ ಬ್ಯಾಚಿನಲ್ಲಿ ಹತ್ತಕ್ಕೆ ಏಳೆಂಟು ಮಂದಿ ಮೂರನೇ ದಿನಕ್ಕೆ ರೂಪ ತಪ್ಪಿಸುವುದಿಲ್ಲ.

ಮಾದರಿಗೆ ‘ಅಬ್ಲಾರ್’ (ಮಾತಾಡುವುದು) ಬೇಡ, ‘ತೊಸ್ತಾರ್’ ಹಿಡಿಯಿರಿ: ಹುರಿಯುವುದು. ಕಾಫಿ ಊರಿನವರಿಗೆ ಬೇಗ ಹತ್ತುತ್ತದೆ. ವರ್ತಮಾನ ಕಲಿತು ಬಂದವರ ಕೈ ತಾನಾಗಿ ‘ಆರ್’ ಕತ್ತರಿಸಿ ‘ತೊಸ್ತೀಅ’ ಅಂತ ಇಲ್ಲದ ರೂಪ ಹುಟ್ಟಿಸುತ್ತದೆ. ಇಲ್ಲಿ ಏನೂ ಕತ್ತರಿಸಬಾರದು. ಇಡೀ ಪದದ ಬಾಲಕ್ಕೆ ಅಂಟಿಸಬೇಕು: ತೊಸ್ತರೀಅ, ತೊಸ್ತರೀಅಸ್, ತೊಸ್ತರೀಅ, ತೊಸ್ತರೀಅಮೊಸ್, ತೊಸ್ತರೀಐಸ್, ತೊಸ್ತರೀಅನ್ (ಕ್ರಮವಾಗಿ ನಾನು, ನೀನು, ಅವನು/ಅವಳು, ನಾವು, ನೀವೆಲ್ಲ, ಅವರು). ‘ಐಸ್’ ಸ್ಪೇನಿನ ಅತಿಥಿಗಳಿಗೆ ಮಾತ್ರ. ಲ್ಯಾಟಿನ್ ಅಮೆರಿಕದವರಿಗೆ ‘ಅನ್’ ಸಾಕು.

ಒತ್ತು ಆರಕ್ಕೆ ಆರರಲ್ಲೂ ‘ಈ’ ಮೇಲೆ. ನಮ್ಮ ನಾಲಗೆ ಸುಮ್ಮನಿರದೆ ನಡುವೆ ಯಕಾರ ತೂರಿಸಿ ‘ತೊಸ್ತರಿಯ’ ಮಾಡಿಬಿಡುತ್ತದೆ. ‘ರೀ’ ಎಳೆದು, ‘ಅ’ ಬಿಡಿಸಿ ಹೇಳಿಸಿ.

ದುಡ್ಡು ಹೋದದ್ದು ಚಾರ್ಟಿಗೆ. ಸ್ಪ್ಯಾನಿಷ್ ಕ್ರಿಯಾಪದಗಳು ಮುಗಿಯುವ ಆರ್, ಎರ್, ಇರ್‌ಗೆ ಒಂದೊಂದು ಬಣ್ಣ, ಲ್ಯಾಮಿನೇಷನ್ ಸೇರಿ ಸಾವಿರದ ಎಂಟುನೂರರ ಹತ್ತಿರ. ಮೂರಕ್ಕೂ ಬಾಲ ಒಂದೇ ಇರುವಾಗ ಮೂರು ಬಣ್ಣ ಯಾಕೆ? ಹುಡುಗರು ಇಲ್ಲದ ವ್ಯತ್ಯಾಸ ಹುಡುಕತೊಡಗಿದರು. ಇನ್ನೊಂದು ಮೂರು ಸಾವಿರ ಆ್ಯಪಿಗೆ. ಅದು ಕಲಿಸುವುದು ಇಂಗ್ಲಿಷ್ ‘ವುಡ್’ ಮೂಲಕ; ಹಳೆಯ ರೂಢಿ ಹೇಳಲೂ ಅದೇ ‘ವುಡ್’ ಬರುವುದರಿಂದ ಗೊಂದಲ ದುಪ್ಪಟ್ಟು.

ಕನ್ನಡದಲ್ಲೂ ಅದೇ ಹಳ್ಳ ಇದೆ, ಆದರೆ ಕಣ್ಣಿಗೆ ಕಾಣುತ್ತದೆ. ‘ಮೊದಲೆಲ್ಲ ಮನೆಯಲ್ಲೇ ಹುರಿಯುತ್ತಿದ್ದೆವು’: ತೊಸ್ತಾಬಮೊಸ್. ‘ಮಿಷನ್ ಇದ್ದಿದ್ದರೆ ಮನೆಯಲ್ಲೇ ಹುರಿಯುತ್ತಿದ್ದೆವು’: ತೊಸ್ತರೀಅಮೊಸ್. ಮಾತಿನ ಮುಂದೆ ‘ಮೊದಲೆಲ್ಲ’ ಕೂತರೆ ಇಂಪರ್ಫೆಕ್ಟ್ (ಹಳೆಯ ರೂಢಿ ಹೇಳುವ ರೂಪ), ‘ಇದ್ದಿದ್ದರೆ’ ಕೂತರೆ ಕಂಡೀಷನಲ್. ನನ್ನ ಇಡೀ ವಿಧಾನ ಇಷ್ಟೇ, ನಕ್ಕವರೂ ಈಗ ಇದನ್ನೇ ಬಳಸುತ್ತಿದ್ದಾರೆ. ಒಂದು ಎಚ್ಚರಿಕೆ: ‘ಸಿ’ (ನಮ್ಮ ‘-ರೆ’) ಇರುವ ತುಂಡಿಗೆ ಕಂಡೀಷನಲ್ ಹಾಕಬಾರದು. ‘ಸಿ ತೆಂದ್ರೀಅಮೊಸ್’ ತಪ್ಪು, ‘ಸಿ ತುಬಿಯೇರಮೊಸ್ ಮಾಕಿನಾ, ತೊಸ್ತರೀಅಮೊಸ್ ಎನ್ ಕಾಸಾ’ ಸರಿ.

ಎರ್, ಇರ್ ಕ್ರಿಯಾಪದಗಳಲ್ಲಿ ಇಂಪರ್ಫೆಕ್ಟಿಗೂ ‘ಈಅ’ ಬಾಲವೇ. ‘ಬೆಬೀಅ’ ಅಂದರೆ ಕುಡಿಯುತ್ತಿದ್ದೆ, ‘ಬೆಬೆರೀಅ’ ಕಂಡೀಷನಲ್. ಬಾಲದ ಮುಂದೆ ‘ರ್’ ಇದೆಯೇ ನೋಡಿ ಅಂತ ಹೇಳಿಕೊಟ್ಟು ಒಂದು ವಾರ ಹಾಳಾಯಿತು. ‘ಅಬ್ರಿರ್’ (ತೆರೆಯುವುದು) ಬಂದದ್ದೇ ಕೆಟ್ಟಿತು: ‘ಅಬ್ರೀಅ’ದಲ್ಲಿ ರ್ ಇದೆ, ಆದರೆ ಅದು ಧಾತುವಿನದು, ಕಂಡೀಷನಲ್ ‘ಅಬ್ರಿರೀಅ’. ರ್ ನೋಡಿದರೆ ಸಾಲದು, ಪೂರ್ತಿ ‘ಅಬ್ರಿರ್’ ಉಳಿದಿದೆಯೇ ನೋಡಬೇಕು.

ಹುಡುಗರಿಗೆ ಖುಷಿ ಕೊಡುವುದು ಇದು: ವರ್ತಮಾನದಲ್ಲಿ ಒಡೆಯುವ ಧಾತು ಇಲ್ಲಿ ಒಡೆಯುವುದಿಲ್ಲ. ಹುರಿಯುತ್ತೇನೆ ‘ತುವೆಸ್ತೊ’, ಪುಡಿ ಮಾಡುತ್ತೇನೆ ‘ಮುವೆಲೊ’, ಬೇಕೆಂದು ಕೇಳುತ್ತೇನೆ ‘ಪಿದೊ’. ಕಂಡೀಷನಲ್ ಮಾತ್ರ ತೊಸ್ತರೀಅ, ಮೊಲೆರೀಅ, ಪೆದಿರೀಅ.

ನಡುವೆ ಒಂದು ಪ್ರಯೋಗ. ನಮ್ಮ ಸಂಭಾವನಾರ್ಥಕ, ಅಂದರೆ ‘ಬಂದಾನು, ಮಾಡಿಯಾನು’, ಅದನ್ನೇ ಜೋಡಿ ಮಾಡಿದರೆ? ಊಹೆಯ ಮಾತಿಗೆ ಚೆನ್ನಾಗಿ ಕೂತಿತು: ‘ಸೆರೀಅನ್ ಲಾಸ್ ದಿಯೆಸ್’, ಆಗ ಹತ್ತು ಗಂಟೆ ಇದ್ದೀತು. ‘ಇದ್ದಿದ್ದರೆ’ ವಾಕ್ಯಕ್ಕೆ ಕೂರಲೇ ಇಲ್ಲ. ಮೇಲಾಗಿ ಹುಡುಗರು ‘ಬಂದಾನು’ ಆಡುವುದೇ ಅಪರೂಪ, ಆ ರೂಪವನ್ನೇ ಮೊದಲು ಕಲಿಸಬೇಕಾಯಿತು.

ಇಡೀ ಪದ ಉಳಿಯದೆ ಕಂಡೀಷನಲ್‌ನಲ್ಲೂ ಧಾತು ಬದಲಾಗುವ ಅಪವಾದಗಳು ಹನ್ನೆರಡು: ತೆಂದ್ರ್, ಪೊಂದ್ರ್, ಬೆಂದ್ರ್, ಸಾಲ್ದ್ರ್, ಬಾಲ್ದ್ರ್, ಪೊದ್ರ್, ಸಬ್ರ್, ಅಬ್ರ್, ಕಬ್ರ್, ಕೆರ್ರ್, ದಿರ್, ಅರ್. ಬಾಲ ಅದೇ. ಇವನ್ನು ಅರ್ಧ ಗಂಟೆಯಲ್ಲಿ ಬಾಯಿಪಾಠ ಮಾಡಿಸಲು ಹುತ್ತರಿ ಕೋಲಾಟದ ತಾಳಕ್ಕೆ ಕೂರಿಸಿದ ಒಂದು ಜೋಡಣೆ ಇದೆ. ಅದು ಫೀಸು ಕೊಟ್ಟು ಬಂದವರಿಗೆ.