ಉಳಿದ ಆ್ಯಂಟಿಬಯಾಟಿಕ್ ಸಿರಪ್ ಸಿಂಕಿಗೆ ಸುರಿಯಬೇಡಿ

ಪುಡಿಗೆ ನೀರು ಬೆರೆಸಿ ಕೊಡುವ ಮಕ್ಕಳ ಆ್ಯಂಟಿಬಯಾಟಿಕ್ ಸಿರಪ್‌ನ ಆಯಸ್ಸು ಸಾಮಾನ್ಯವಾಗಿ 7ರಿಂದ 14 ದಿನ. ತಳದಲ್ಲಿ ಉಳಿದದ್ದನ್ನು ಸಿಂಕಿಗೆ ಸುರಿದು ಬಾಟಲಿ ತೊಳೆದಿಡುವುದೇ ತಪ್ಪು. ಕೊಳಚೆ ನೀರಿನ ಶುದ್ಧೀಕರಣ ಘಟಕಗಳನ್ನು ಕಟ್ಟಿರುವುದು ಔಷಧಿ ತೆಗೆಯಲಿಕ್ಕಲ್ಲ. ಅಮಾಕ್ಸಿಸಿಲಿನ್ ನೀರಿನಲ್ಲಿ ಬೇಗ ಒಡೆಯುತ್ತದೆ, ನಿಜ. ಸಿಪ್ರೊಫ್ಲಾಕ್ಸಾಸಿನ್ ಹಾಗಲ್ಲ, ಕೆಸರಿಗೆ ಅಂಟಿಕೊಂಡು ಬಹಳ ಕಾಲ ಉಳಿಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಸಾಯುವಷ್ಟಲ್ಲ, ಪಳಗುವಷ್ಟು ಪ್ರಮಾಣ ಸಿಗುತ್ತದೆ.

ವಾಪಸ್ ಪಡೆಯುವ ಔಷಧಿ ಅಂಗಡಿ ಅಥವಾ ಆಸ್ಪತ್ರೆ ಇದ್ದರೆ ಅಲ್ಲಿಗೇ ಕೊಡಿ. ಇಲ್ಲದಿದ್ದರೆ ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ಮಣ್ಣನ್ನೋ ಹಿಂಡಿದ ಟೀ ಚರಟವನ್ನೋ ಹಾಕಿ, ಸಿರಪ್ ಪೂರ್ತಿ ಹೀರಿಕೊಳ್ಳುವಂತೆ ಕಲಸಿ. ಚೀಲ ಓರೆ ಮಾಡಿದಾಗ ಮೂಲೆಯಲ್ಲಿ ನೀರು ನಿಂತರೆ ಇನ್ನಷ್ಟು ಮಣ್ಣು ಬೇಕು, ಇಲ್ಲವಾದರೆ ಕಸದ ಗಾಡಿಯಲ್ಲೇ ಸೋರುತ್ತದೆ. ಬಾಯಿ ಬಿಗಿದು, ಒಣಕಸಕ್ಕೆ ಸೇರಿಸದೆ ಮನೆಯ ಅಪಾಯಕಾರಿ ಕಸವಾಗಿ ಬೇರೆಯಾಗಿ ಕೊಡಿ. ಗೊಬ್ಬರದ ಗುಂಡಿಗಂತೂ ಬೇಡವೇ ಬೇಡ. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಹೀಗೇ ಬೆರೆಸಿ, ಆದರೆ ಪುಡಿ ಮಾಡಬೇಡಿ: ದೂಳು ಮೂಗಿಗೆ ಹೋಗುತ್ತದೆ. ಇನ್ಹೇಲರ್ ಚುಚ್ಚಬೇಡಿ, ಸುಡಬೇಡಿ, ಸಿಡಿಯುತ್ತದೆ. ಫೆಂಟನಿಲ್ ಪ್ಯಾಚ್‌ನಂಥವಕ್ಕೆ (ತೀವ್ರ ನೋವಿಗೆ ಚರ್ಮಕ್ಕೆ ಅಂಟಿಸುವ ಔಷಧಿ ಪಟ್ಟಿ) ಲೇಬಲ್ಲಿನಲ್ಲಿರುವ ಸೂಚನೆಯೇ ಅಂತಿಮ.

ಔಷಧಿ ನೀರಿಗೆ ಸೇರುವ, ಹೆಚ್ಚಿನವರು ಗಮನಿಸದ ಇನ್ನೊಂದು ದಾರಿ ನೋವಿನ ಜೆಲ್. ಡೈಕ್ಲೊಫೆನಾಕ್ ಹಚ್ಚಿದ ಕೈಯನ್ನು ಮೊದಲು ಕಾಗದದಲ್ಲಿ ಒರೆಸಿ, ಆಮೇಲೆ ತೊಳೆಯಿರಿ. ಸ್ನಾನ ಮುಗಿಸಿ ಹಚ್ಚಿ, ಹಚ್ಚಿಕೊಂಡು ಸ್ನಾನಕ್ಕೆ ಹೋಗಬೇಡಿ.

ಅಂದಹಾಗೆ, ಕುದಿಸಿದರೆ ನೀರಿನಲ್ಲಿರುವ ಔಷಧಿಯೆಲ್ಲ ಹೋಗುವುದಿಲ್ಲ. ಆರ್‌ಒ, ಆಕ್ಟಿವೇಟೆಡ್ ಕಾರ್ಬನ್ ಫಿಲ್ಟರ್‌ಗಳು ಬಹಳಷ್ಟನ್ನು ತಡೆಯುತ್ತವೆ, ಕಾರ್ಟ್ರಿಜ್ ಸಮಯಕ್ಕೆ ಬದಲಿಸಿದರೆ ಮಾತ್ರ.