ಪ್ರೀತಿಯ ಕಥೆಯನ್ನು ಅಡುಗೆಮನೆಯಿಂದ ಶುರು ಮಾಡಿ

ಮಳೆಗಾಲದಲ್ಲಿ ಕೊಡಗಿನ ನಾಪೋಕ್ಲಿನ ನಮ್ಮ ಮನೆಯಲ್ಲಿ ಕರೆಂಟ್ ಹೋದರೆ ಕೆಲವು ಸಲ ಎರಡು ದಿನ ಬರುವುದಿಲ್ಲ. ಅಂಥ ರಾತ್ರಿಗಳಲ್ಲೇ ದೀಪ ಹಚ್ಚಿಕೊಂಡು ನಾನು ಆಮಿಶ್ ಪ್ರೇಮಕಥೆಗಳನ್ನು ಓದಲು ಹಿಡಿದದ್ದು. ಆಮಿಶರು ಅಮೆರಿಕದ ಪೆನ್ಸಿಲ್ವೇನಿಯಾ, ಒಹಾಯೋ ಕಡೆ ಜಾಸ್ತಿ ಇರುವ ಕ್ರೈಸ್ತ ಪಂಗಡದವರು. ಮನೆಗೆ ಕರೆಂಟ್ ತಂತಿ ಎಳೆಸುವುದಿಲ್ಲ, ಓಡಾಟಕ್ಕೆ ಕುದುರೆಗಾಡಿ. ನಮ್ಮದು ಕರೆಂಟ್ ಹೋದ ಕತ್ತಲೆ, ಅವರದು ನಂಬಿಕೆಯಿಂದ ಬೇಡವೆಂದದ್ದು. ನೀವೂ ಪ್ರೇಮಕಥೆ ಬರೆಯುವುದಾದರೆ ಎರಡನ್ನೂ ಒಂದೇ ಅಂದುಕೊಂಡು ಬರೆಯಬೇಡಿ.

ಆ ಕಥೆಗಳಲ್ಲಿ ನನಗೆ ಹಿಡಿಸಿದ್ದು ಒಂದೇ ವಿಷಯ. ಬಾಯಿ ಬಿಡದ ಗುಟ್ಟು ಅಲ್ಲಿ ಕೈಕೆಲಸದಲ್ಲಿ ಹೊರಗೆ ಬರುತ್ತದೆ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಡೆಯ ಆಮಿಶ್ ಮದುವೆ ಊಟಕ್ಕೆ ಸೆಲರಿ ಅನ್ನುವ ದಂಟಿನ ತರಕಾರಿ ಬೇಕೇ ಬೇಕು. ಮದುವೆಗಳು ಹೆಚ್ಚಾಗಿ ಕೊಯ್ಲು ಮುಗಿದ ಮೇಲೆ, ಮಂಗಳವಾರ ಇಲ್ಲವೇ ಗುರುವಾರ. ಮನೆಯವರು ಮಗಳ ಮದುವೆ ವಿಷಯ ಎಷ್ಟು ಮುಚ್ಚಿಟ್ಟರೂ ಹಿತ್ತಲಲ್ಲಿ ಸೆಲರಿ ಸಾಲು ಜಾಸ್ತಿಯಾದರೆ ಅಕ್ಕಪಕ್ಕದವರಿಗೆ ತಿಳಿದೇಬಿಡುತ್ತದೆ. ಎಷ್ಟು ಚೆಂದ ಅಲ್ವಾ?

ಹಾಗಾಗಿ ಕೊಡಗಿನ ಕಥೆ ಬರೆಯುವಾಗ ಮೊದಲು ಒಂದು ಕೆಲಸ ಆರಿಸಿಕೊಳ್ಳಿ. ನಿಮ್ಮ ಕೈಗೆ ಗೊತ್ತಿರುವ ಕೆಲಸವೇ ಆಗಬೇಕು. ಕಾಚಂಪುಳಿ (ಹಣ್ಣಿನ ರಸದ ಕಪ್ಪು ಹುಳಿ) ಕಾಯಿಸುವುದು, ಕಣಿಲೆ (ಎಳೆ ಬಿದಿರು) ಹೆಚ್ಚಿ ನೀರಲ್ಲಿ ನೆನೆಸುವುದು, ಯಾವುದಾದರೂ ಸರಿ. ನಾನು ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಹಬೆ ಉಂಡೆ, ಹಿಡಿದೆ.

ಆಮೇಲೆ ಆ ಕೆಲಸವನ್ನು ನಿಧಾನವಾಗಿ ಮಾಡಿ, ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಳ್ಳಿ. ಒಂದು ಲೋಟ ಅಕ್ಕಿ ತರಿಗೆ ಎರಡು ಲೋಟ ನೀರು. ನೀರು ಕುದಿಯುವಾಗ ಉಪ್ಪು, ಚೂರು ತುಪ್ಪ. ತರಿ ಸುರಿದು ಗಂಟಾಗದಂತೆ ತಿರುವಿ, ನೀರು ಹೀರಿದ ಮೇಲೆ ಸ್ವಲ್ಪ ಹೊತ್ತು ಮುಚ್ಚಿಡಿ. ಬಿಸಿ ಇರುವಾಗಲೇ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಬೇಕು. ಅಂಗೈ ಕೆಂಪಾಗುತ್ತದೆ. ಆ ಬಿಸಿಯನ್ನೇ ಬರೆಯಿರಿ. ಉಂಡೆಯನ್ನು ಅಂಗೈಯಲ್ಲಿ ಉರುಳಿಸುವಾಗ ತರಿ ತರಿಯಾಗಿದ್ದದ್ದು ನಯವಾಗುತ್ತದಲ್ಲ, ಅದನ್ನೂ ಬರೆಯಿರಿ. ಹಬೆಯಲ್ಲಿ ಬೇಯುವ ಇಪ್ಪತ್ತು ನಿಮಿಷ ಕಥೆಯ ಹುಡುಗಿಗೆ ಕೈ ಖಾಲಿ. ಮಾತು ಬರಬೇಕಾದದ್ದು ಅಲ್ಲಿ, ಅದೂ ನಾಲ್ಕೇ ಸಾಲು.

ಅಡ್ಡಿ ಬೇಕು ಅಂತ ಸುಮ್ನೆ ಒಬ್ಬ ಖಳನನ್ನು ತರಬೇಡಿ. ಆಮಿಶರಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತ ಸಭೆಗೆ ಸೇರದೆ ಮದುವೆ ಇಲ್ಲ. ಕೊಡವರಲ್ಲಿ ಒಂದೇ ಒಕ್ಕದವರು (ಒಂದೇ ಮನೆತನದವರು) ಮದುವೆಯಾಗುವಂತಿಲ್ಲ. ಇನ್ನು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕಕ್ಕಡ ತಿಂಗಳು, ಮದುವೆ ಮಾತೇ ಇಲ್ಲ. ಆ ಮಳೆಯಲ್ಲಿ ಕಾಯುವುದೇ ಅರ್ಧ ಕಥೆ. ಕಕ್ಕಡದ 18ನೇ ದಿನ ಮದ್ದುಸೊಪ್ಪು ಅನ್ನುವ ಔಷಧಿ ಸೊಪ್ಪಿನ ಪಾಯಸ ಮಾಡುವಾಗ ಇಬ್ಬರನ್ನೂ ಒಂದೇ ಅಡುಗೆಮನೆಗೆ ತನ್ನಿ.

ಬರೆದು ಮುಗಿದ ಮೇಲೆ ಆ ಕೆಲಸ ಬಲ್ಲವರಿಗೆ ಓದಿ ಹೇಳಿ. ನಾನು ಚಿಕ್ಕಮ್ಮನಿಗೆ ಓದಿದೆ. ನನ್ನ ಹುಡುಗಿ ಕಿಟಕಿಯಲ್ಲಿ ಹುಡುಗನ ದಾರಿ ನೋಡಿ, ಆಮೇಲೆ ಬಂದು ಉಂಡೆ ಕಟ್ಟುತ್ತಾಳೆ. ಚಿಕ್ಕಮ್ಮ ಅಲ್ಲೇ ತಡೆದರು. "ಅಷ್ಟು ಹೊತ್ತಿಗೆ ಹಿಟ್ಟು ಆರಿರುತ್ತದಲ್ಲ ಮಗಳೇ, ಉಂಡೆ ಬಿರುಕು ಬಿಡುತ್ತದೆ."

ನಾನು ಕಿಟಕಿಯ ಸಾಲು ತೆಗೆಯಲು ಪೆನ್ನು ಎತ್ತಿಕೊಂಡೆ. ಚಿಕ್ಕಮ್ಮ ಬೇಡ ಅಂದರು. ಹಾಗಾಗಿ ಈಗ ಆ ಕಥೆಯಲ್ಲಿ ಪಾತ್ರೆಯ ಮುಚ್ಚಳ ತೆಗೆಯುವುದು ಅಜ್ಜಿ. ಬಿರುಕು ಬಿಟ್ಟ ಕಡಂಬುಟ್ಟು ನೋಡುತ್ತಾರೆ, ಕಿಟಕಿ ನೋಡುತ್ತಾರೆ, "ಯಾರ ಮನೆ ಹುಡುಗ?" ಅಂತ ಕೇಳುತ್ತಾರೆ.