ಡೈನೋಸಾರ್ ಪಾಠಕ್ಕೆ ಒಂದು ಹಗ್ಗ, ಒಂದು ಬುಟ್ಟಿ ಎರೆಮಣ್ಣು

ಬಾಗಲಕೋಟೆಯ ಕಡೆಯ ಶಾಲೆಗಳಲ್ಲಿ ಡೈನೋಸಾರ್‌ಗಳ ಮಾತು ತೆಗೆದ ಕೂಡಲೇ ಮಕ್ಕಳಿಂದ ಬರುವ ಮೊದಲ ಪ್ರಶ್ನೆ ಒಂದೇ: "ಸರ್, ನಮ್ಮೂರ ಗುಡ್ಡದಾಗ ಅದರ ಎಲುಬು ಸಿಗತಾವೇನ್ರಿ?" ಅವರ ಉತ್ಸಾಹ ಕುಗ್ಗೀತೆಂದು ಹಾರಿಕೆಯ ಉತ್ತರ ಕೊಡಬಾರದು. ಇಲ್ಲಿನ ಬಂಡೆಗಳಲ್ಲಿ ಅದು ಸಿಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ, ಏಕೆ ಸಿಗುವುದಿಲ್ಲ ಎಂಬುದನ್ನು ಮಕ್ಕಳೇ ಕಂಡುಕೊಳ್ಳುವಂತೆ ಮಾಡಬೇಕು. ನನ್ನ ಅನುಭವದಲ್ಲಿ ಇಡೀ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ.

ಅದಕ್ಕೆ ಬೇಕಾಗುವುದು 46 ಮೀಟರ್ ಉದ್ದದ ಹಗ್ಗ. ಭೂಮಿಯ ವಯಸ್ಸು ಸುಮಾರು 460 ಕೋಟಿ ವರ್ಷವಾದ್ದರಿಂದ ಒಂದು ಮೀಟರಿಗೆ 10 ಕೋಟಿ ವರ್ಷದ ಲೆಕ್ಕ ಬೀಳುತ್ತದೆ. ಹಗ್ಗವನ್ನು ಅಂಗಳದಲ್ಲಿ ನೇರವಾಗಿ ಹಾಸಿ, ಒಂದು ತುದಿಯನ್ನು 'ಇಂದು' ಎಂದು ಗುರುತಿಸಿ, ಅಲ್ಲಿಂದ ಅಳೆಯಲು ಮಕ್ಕಳಿಗೇ ಬಿಡಿ. ಡೈನೋಸಾರ್‌ಗಳು ಕಾಣಿಸಿಕೊಂಡ ಸುಮಾರು 23 ಕೋಟಿ ವರ್ಷಗಳ ಹಿಂದಿನ ಗುರುತು 2.3 ಮೀಟರಿನಲ್ಲಿಯೂ, ಹಕ್ಕಿಗಳ ಕುಲವೊಂದನ್ನುಳಿದು ಅವೆಲ್ಲ ಅಳಿದ 6.6 ಕೋಟಿ ವರ್ಷಗಳ ಹಿಂದಿನ ಗುರುತು 66 ಸೆಂಟಿಮೀಟರಿನಲ್ಲಿಯೂ ಬರುತ್ತದೆ. ನಮ್ಮಂಥ ಮನುಷ್ಯರ ಸುಮಾರು 3 ಲಕ್ಷ ವರ್ಷಗಳ ಬಾಳುವೆ ಮೂರು ಮಿಲಿಮೀಟರು, ಅಂದರೆ ಒಂದು ಜೋಳದ ಕಾಳಿನಷ್ಟೂ ಇಲ್ಲ. ಈಗ ಒಬ್ಬ ವಿದ್ಯಾರ್ಥಿಯ ಕೈಗೆ ಕಲಾದಗಿ ಸೀಮೆಯ ಸುಣ್ಣದ ಕಲ್ಲಿನ ತುಂಡೊಂದನ್ನು ಕೊಟ್ಟು, 10 ಮೀಟರಿನ ಗುರುತಿಗಿಂತಲೂ ಆಚೆ ನಿಲ್ಲಿಸಿ. ಆ ಕಲ್ಲು 100 ಕೋಟಿ ವರ್ಷಕ್ಕೂ ಹಳೆಯದು. ಅದು ಉಂಟಾದಾಗ ಎಲುಬುಳ್ಳ ಜೀವಿ ಯಾವುದೂ ಇರಲಿಲ್ಲವೆಂಬುದು ಆ ಹುಡುಗನಿಗೂ ಡೈನೋಸಾರ್ ಗುರುತಿನ ಹುಡುಗಿಗೂ ನಡುವಿನ ದೂರದಿಂದಲೇ ತಿಳಿಯುತ್ತದೆ.

ಹಾಗೆಂದು ಆ ಕಲ್ಲು ಬರಿಗಲ್ಲಲ್ಲ. ಕಲಾದಗಿ ಪ್ರದೇಶದ ಸುಣ್ಣದ ಶಿಲೆಗಳಲ್ಲಿ ಕೆಲವೆಡೆ, ಅಡ್ಡ ಸೀಳಿದ ಉಳ್ಳಾಗಡ್ಡಿಯಂತೆ ಪದರ ಪದರವಾದ ಸ್ಟ್ರೊಮ್ಯಾಟೊಲೈಟ್‌ಗಳು ಕಾಣಸಿಗುತ್ತವೆ. ಆಳವಿಲ್ಲದ ನೀರಿನಲ್ಲಿ ಬೆಳೆದ ಸೂಕ್ಷ್ಮಜೀವಿಗಳ ಪೊರೆಗಳು ಕೆಸರಿನ ಕಣಗಳನ್ನು ಹಿಡಿದಿಟ್ಟು ಕಟ್ಟಿದ ರಚನೆಗಳವು, ಅಂದರೆ ಅವೂ ಪಳೆಯುಳಿಕೆಗಳೇ. ಇನ್ನು ವಿಜಯಪುರ ಹಾಗೂ ಬೆಳಗಾವಿ ಜಿಲ್ಲೆಗಳ ಬಹುಭಾಗವನ್ನು ಹೊದ್ದಿರುವ ಕಪ್ಪು ಕಲ್ಲು ಡೈನೋಸಾರ್ ಯುಗ ಮುಗಿಯುವ ಹೊತ್ತಿಗೆ ಹರಿದ ಲಾವಾ. ಅದೇ ಲಾವಾ ಹಾಸಿನ ಉತ್ತರದ ಅಂಚಿನಲ್ಲಿ, ನರ್ಮದೆಯ ಸೀಮೆಯಲ್ಲಿ, ಲಾವಾದ ಅಡಿಗೆ ಸಿಕ್ಕಿದ ಮಣ್ಣು ಮರಳುಗಳ ಪದರಗಳಲ್ಲಿ ಡೈನೋಸಾರ್ ಎಲುಬುಗಳು ಉಳಿದಿವೆ. 1828ರಲ್ಲಿ ಜಬಲಪುರದಲ್ಲಿ ಅಂಥ ಎಲುಬುಗಳು ದೊರೆತವು. ಗುಜರಾತಿನ ಬಾಲಾಸಿನೋರ್ ಬಳಿಯ ರಯ್ಯೋಲಿಯಲ್ಲಿ ಮೊಟ್ಟೆಗಳೂ ಸಿಕ್ಕಿವೆ. ಅಲ್ಲಿಯ ಎಲುಬುಗಳಿಂದ ಗುರುತಿಸಿದ ಮಾಂಸಾಹಾರಿಗೆ 2003ರಲ್ಲಿ 'ರಾಜಸಾರಸ್ ನರ್ಮದೆನ್ಸಿಸ್' ಎಂದು ಹೆಸರಿಟ್ಟರು. ಭೂಪಟದಲ್ಲಿ ವಿಜಯಪುರದಿಂದ ನರ್ಮದೆಯವರೆಗೆ ಕಪ್ಪು ಸೀಮೆಸುಣ್ಣದಿಂದ ಬಣ್ಣ ತುಂಬಿಸಿದರೆ, ತಮ್ಮ ಹೊಲದ ಕಲ್ಲಿಗೂ ಆ ಪ್ರಾಣಿಗೂ ಇರುವ ನಂಟು ಮಕ್ಕಳಿಗೆ ಕಣ್ಣಿಗೆ ಕಟ್ಟುತ್ತದೆ.

ಎರಡನೆಯ ದಿನಕ್ಕೆ ಅಚ್ಚಿನ ಕೆಲಸವನ್ನು ಇಟ್ಟುಕೊಳ್ಳಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ನಮ್ಮ ಮಕ್ಕಳಿಗೆ ಎರೆಮಣ್ಣಿನ ಹದವನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಎರೆಮಣ್ಣು ಒಣಗಿದರೆ ಬಿರಿಯುವುದರಿಂದ ಸ್ವಲ್ಪ ಮರಳು ಬೆರೆಸಿ, ಹಸಿಯಾಗಿರುವಾಗಲೇ ಕೆಲಸ ಮುಗಿಸಬೇಕು. ನಾದಿದ ಮಣ್ಣಿನ ಮೇಲೆ ಎಣ್ಣೆ ಸವರಿದ ಶಂಖದ ಹುಳುವಿನ ಚಿಪ್ಪನ್ನೋ ಬೇವಿನ ಎಲೆಯನ್ನೋ ಒತ್ತಿ ತೆಗೆದು, ಆ ಕುಳಿಯಲ್ಲಿ ಎರಡು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಒಂದು ಪಾಲು ನೀರು ಕಲಸಿ ಸುರಿಯಬೇಕು. ಅರ್ಧ ಗಂಟೆಯ ಬಳಿಕ ಬಿಡಿಸಿದರೆ ಮಣ್ಣಿನಲ್ಲಿ ಉಳಿಯುವುದು ಅಚ್ಚು, ಕೈಗೆ ಬರುವುದು ಎರಕ. ಮೂಲ ವಸ್ತು ಇಲ್ಲವಾದರೂ ಅದರ ಆಕಾರ ಉಳಿಯಿತೆಂಬುದನ್ನು ಮಕ್ಕಳ ಬಾಯಿಂದಲೇ ಹೇಳಿಸಿ. ಒಂದು ಎಚ್ಚರಿಕೆ ಬಹಳ ಮುಖ್ಯ: ಪ್ಲಾಸ್ಟರ್ ಗಟ್ಟಿಯಾಗುವಾಗ ಚೆನ್ನಾಗಿ ಕಾಯುತ್ತದೆ, ಆದ್ದರಿಂದ ಕಲಸುವುದು ಶಿಕ್ಷಕರ ಕೆಲಸವಾಗಿರಲಿ, ಯಾವ ಮಗುವೂ ಅದರಲ್ಲಿ ಕೈ ಅದ್ದಬಾರದು. ಉಳಿದದ್ದನ್ನು ಮೋರಿಗೆ ಸುರಿದರೆ ಅಲ್ಲಿಯೇ ಕಲ್ಲಾಗುತ್ತದೆ.

ಉತ್ಖನನದ ಆಟದಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಅದು ಬರಿಯ ಹುಡುಕಾಟವಾಗಿ ಮುಗಿಯುವುದು. ಅಗಲವಾದ ಬುಟ್ಟಿಯಲ್ಲಿ ಮರಳು, ಕೆಂಪು ಮಣ್ಣು, ಎರೆಮಣ್ಣುಗಳನ್ನು ಪದರವಾಗಿ ತುಂಬಿ, ಪ್ರತಿಯೊಂದರಲ್ಲಿ ಬೇರೆ ಬೇರೆ ವಸ್ತುಗಳನ್ನು ಹೂತು, ಮೇಲೆ ನೂಲಿನಿಂದ ಚೌಕಗಳನ್ನು ಕಟ್ಟಿ. ಹಳೆಯ ಬ್ರಷ್ಷಿನಿಂದ ಮಣ್ಣು ಸರಿಸಿದ ಮೇಲೆ, ವಸ್ತು ಯಾವ ಚೌಕದಲ್ಲಿ, ಯಾವ ಪದರದಲ್ಲಿ, ಯಾವ ದಿಕ್ಕಿಗೆ ಮಲಗಿದೆಯೆಂದು ಚಿತ್ರ ಬರೆಯುವವರೆಗೆ ಅದನ್ನು ಎತ್ತಲು ಬಿಡಬೇಡಿ. ಎತ್ತಿದ ಮೇಲೆ ಆ ಸಂಗತಿ ಮತ್ತೆ ದೊರೆಯುವುದಿಲ್ಲ. ಸಿಕ್ಕ ಎಲುಬೆಲ್ಲ ಡೈನೋಸಾರ್‌ನದಲ್ಲ ಎನ್ನುವುದಕ್ಕೆ ಬೆಳಗಾವಿ ಜಿಲ್ಲೆಯದೇ ಉದಾಹರಣೆಯಿದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಗೋಕಾಕ ಸಮೀಪ ದೊರೆತ ಘೇಂಡಾಮೃಗವೊಂದರ ಪಳೆಯುಳಿಕೆಯನ್ನು 1874ರಲ್ಲಿ ವಿವರಿಸಿ, ಅದಕ್ಕೆ 'ರೈನೋಸೆರಾಸ್ ಡೆಕ್ಕನೆನ್ಸಿಸ್' ಎಂಬ ಹೆಸರು ಕೊಟ್ಟರು. ನಮ್ಮ ಹಗ್ಗದಲ್ಲಿ ಆ ಪ್ರಾಣಿಯ ಜಾಗ ಕೊನೆಯ ಮೂರು ಸೆಂಟಿಮೀಟರುಗಳ ಒಳಗೆ ಬರುತ್ತದೆ. ಹಾಗೆಯೇ ಮನೆಯ ಫರಸಿಕಲ್ಲಿನ ಮೇಲೆ ಜರೀಗಿಡದಂತೆ ಕವಲೊಡೆದ ಕಪ್ಪು ಗೆರೆಗಳನ್ನು ಮಕ್ಕಳು ತಂದು ತೋರಿಸುತ್ತಾರೆ. ಅವು ಹೆಚ್ಚಾಗಿ ಬಿರುಕಿನೊಳಗೆ ಇಳಿದ ಮ್ಯಾಂಗನೀಸ್ ಖನಿಜದ ಗುರುತುಗಳೇ ಹೊರತು ಗಿಡವಲ್ಲ.

ಕೊನೆಯ ಚಟುವಟಿಕೆಗೆ ನೀರು ಚಿಮುಕಿಸಿದ ನೆಲ ಸಾಕು. ಒಂದು ಗುಂಪು ನಡೆದು, ಓಡಿ, ಕುಂಟಿ ಹೋಗಲಿ. ಅದನ್ನು ನೋಡದ ಇನ್ನೊಂದು ಗುಂಪು ಹೆಜ್ಜೆಗಳ ಅಂತರದಿಂದ ನಡೆದದ್ದನ್ನು ಊಹಿಸಲಿ. ಪಾದದ ಉದ್ದವನ್ನು ನಾಲ್ಕರಿಂದ ಗುಣಿಸಿದರೆ ಸೊಂಟದ ಎತ್ತರ ಸುಮಾರಾಗಿ ಬರುತ್ತದೆಂಬ ಲೆಕ್ಕವನ್ನು ವಿಜ್ಞಾನಿಗಳು ಡೈನೋಸಾರ್ ಹೆಜ್ಜೆಗಳಿಗೂ ಬಳಸುತ್ತಾರೆ. ಅದನ್ನು ಮಕ್ಕಳು ಮೊದಲು ತಮ್ಮ ಕಾಲಿನ ಮೇಲೆಯೇ ಪರೀಕ್ಷಿಸಲಿ. ಬಳಿಕ 50 ಸೆಂಟಿಮೀಟರಿನ ಮೂರು ಬೆರಳ ಹೆಜ್ಜೆಯೊಂದನ್ನು ನೆಲದ ಮೇಲೆ ಬರೆದು, ಎರಡು ಮೀಟರ್ ಎತ್ತರವನ್ನು ಗೋಡೆಯ ಮೇಲೆ ಗುರುತಿಸಿ. ಅಷ್ಟರಲ್ಲಿ ಯಾರ ಮನೆಯಿಂದಾದರೂ ಒಂದು ಜವಾರಿ ಕೋಳಿಯನ್ನು ತರಿಸಿ ಅದೇ ಹಸಿ ನೆಲದ ಮೇಲೆ ನಡೆಸಿದರೆ, ಅದರ ಮುಂದಿನ ಮೂರು ಬೆರಳುಗಳ ಗುರುತನ್ನೂ ಹುರುಪೆಗಾಲನ್ನೂ ಆ ದೊಡ್ಡ ಹೆಜ್ಜೆಯ ಪಕ್ಕದಲ್ಲಿಯೇ ಕುಳಿತು ಹೋಲಿಸಿ ನೋಡಬಹುದು.